ಮೈಸೂರಲ್ಲಿ ರೂಮು ಎಲ್ಲಿ ಮಾಡೋದು? ಮಧ್ಯಾಹ್ನದ ನಿದ್ದೆಯಿಂದ ಲೆಕ್ಕ ಶುರು ಮಾಡಿ

ವರ್ಷಕ್ಕೆ ಎರಡು ಸಲವಾದರೂ ನನಗೆ ಈ ಫೋನ್ ಬರುತ್ತದೆ. ದಸರೆಗೆ ಮುಂಚೆ ಒಂದು, ಬೇಸಿಗೆ ರಜೆಗೆ ಒಂದು. ಈ ಸಲ ಹುಬ್ಬಳ್ಳಿಯಿಂದ ಮಾಮಾ. "ಅಲ್ಲವಾ, ಮೈಸೂರಾಗ ಎಲ್ಲಿ ಇಳ್ಕೊಳ್ಳೂದು ಚಲೋ? ಮೊಬೈಲ್‌ನ್ಯಾಗ ನೋಡಿದ್ರ ಎಲ್ಲಾನೂ ಅರಮನಿ ಹತ್ರಾನ ಅಂತಾವ." ನಮ್ಮನೆಗೇ ಬನ್ನಿ ಅಂದೆ. ಅವರು ಆರು ಜನ, ನಮ್ಮದು ಎರಡು ರೂಮಿನ ಮನೆ. ಅವರಿಗೂ ಗೊತ್ತು, ನನಗೂ ಗೊತ್ತು.

ಮಾಮಾ ಹೇಳಿದ್ದು ಸುಳ್ಳಲ್ಲ. ಮೈಸೂರಿನ ಅರ್ಧ ಲಾಡ್ಜುಗಳು ಅರಮನೆಯ ಹೆಸರು ಹೇಳಿಕೊಂಡೇ ಬದುಕುತ್ತಿವೆ. ಆದರೆ ಅರಮನೆ ಅಂದರೆ ಒಂದು ಬಾಗಿಲಲ್ಲ, ದೊಡ್ಡ ಕೋಟೆ. ಟಿಕೆಟ್ ಕೊಟ್ಟು ಒಳಗೆ ಬಿಡುವುದು ದಕ್ಷಿಣದ ವರಾಹ ದ್ವಾರದಿಂದ. ಹೆಚ್ಚಿನ ಲಾಡ್ಜುಗಳು ಇರುವುದು ಉತ್ತರಕ್ಕೆ. ಮ್ಯಾಪಿನಲ್ಲಿ 'ಅರ್ಧ ಕಿಲೋಮೀಟರ್' ಅಂತ ಕಂಡರೂ, ಗೋಡೆ ಸುತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಬಿಸಿಲಲ್ಲಿ ಅಜ್ಜಿಯ ಮುಖ ಕೆಂಪಗಾಗಿರುತ್ತದೆ. ಹಾಗಾಗಿ ಅರಮನೆಯಿಂದ ಎಷ್ಟು ದೂರ ಅನ್ನೋದನ್ನು ಮೊದಲ ಪ್ರಶ್ನೆ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ನಮ್ಮೂರಲ್ಲಿ ಹೋಟೆಲ್ ಅಂದರೆ ದೋಸೆ ಸಿಗುವ ಜಾಗ, ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ. ಆಟೊದವರಿಗೆ 'ಒಳ್ಳೇ ಹೋಟೆಲ್‌ಗೆ ಬಿಡಿ' ಅಂದರೆ ಇಡ್ಲಿ ತಿನ್ನಿಸಲು ಕರೆದುಕೊಂಡು ಹೋದಾರು. 'ಒಳ್ಳೇ ಲಾಡ್ಜ್‌ಗೆ ಬಿಡಿ' ಅಂದರೆ ತನಗೆ ಕಮಿಷನ್ ಸಿಗುವ ಕಡೆಗೇ ಬಿಟ್ಟಾರು. ಎರಡೂ ಬೇಡ. ಹೆಸರು ಹೇಳಿಯೇ ಆಟೊ ಹತ್ತಿ.

ಮೊದಲು ಕೇಳಿಕೊಳ್ಳಬೇಕಾದ್ದು

ನನ್ನ ಪ್ರಕಾರ ಮೊದಲ ಪ್ರಶ್ನೆ ಇದು: ಮಧ್ಯಾಹ್ನ ರೂಮಿಗೆ ವಾಪಸ್ ಬರುತ್ತೀರಾ?

ಊರ ನಡುವೆ ರೂಮು ಮಾಡುವುದರ ನಿಜವಾದ ಲಾಭ ಇದೊಂದೇ. ಬೆಳಗ್ಗೆ 10ಕ್ಕೆ ಅರಮನೆ ತೆಗೆಯುತ್ತಾರೆ. ನೋಡಿ ಮುಗಿಸಿ, ಊಟ ಮಾಡಿ, ರೂಮಿಗೆ ಬಂದು ಎರಡು ಗಂಟೆ ಕಾಲು ಚಾಚಿದರೆ ಸಂಜೆ ದೇವರಾಜ ಮಾರುಕಟ್ಟೆಗೆ ಹೊಸಬರ ಹಾಗೆ ಹೋಗಬಹುದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಈ ಎರಡು ಗಂಟೆಯ ಮೇಲೆ ಇಡೀ ಪ್ರವಾಸ ನಿಂತಿರುತ್ತದೆ. ಅದೇ, ನೀವು ಬೆಳಗ್ಗೆ ಕಾರು ಹತ್ತಿ ಬೆಟ್ಟ, ಮೃಗಾಲಯ, ಶ್ರೀರಂಗಪಟ್ಟಣ, ಬೃಂದಾವನ ಅಂತ ಸುತ್ತಿ ರಾತ್ರಿ ಹತ್ತಕ್ಕೆ ಬಂದು ಬೀಳುವವರಾದರೆ, ಸುಮ್ನೆ ಊರ ನಡುವಿನ ಗಲಾಟೆಗೆ ಯಾಕೆ ದುಡ್ಡು ಕೊಡಬೇಕು?

ಎರಡನೆಯದು, ಹೇಗೆ ಬರುತ್ತೀರಿ. ಬಸ್ಸು, ರೈಲು, ಸ್ವಂತ ಕಾರು, ಬಾಡಿಗೆ ಕಾರು. ನಾಲ್ಕಕ್ಕೂ ನಾಲ್ಕು ಉತ್ತರ.

ಮೂರನೆಯದು ಗಂಟೆ ಲೆಕ್ಕ. ಇದನ್ನು ಜನ ಕೇಳುವುದೇ ಇಲ್ಲ, ಆಮೇಲೆ ಕೌಂಟರ್ ಮುಂದೆ ಜಗಳ ಆಡುತ್ತಾರೆ. ಮೈಸೂರಿನ ಹಳೇ ಲಾಡ್ಜುಗಳಲ್ಲಿ ಈಗಲೂ '24 ಗಂಟೆ' ಪದ್ಧತಿ ಇದೆ. ನೀವು ಸಂಜೆ 7ಕ್ಕೆ ಹೋದರೆ ಮರುದಿನ ಸಂಜೆ 7ಕ್ಕೆ ಖಾಲಿ ಮಾಡಿದರೆ ಸಾಕು. ಹೊಸ ಹೋಟೆಲುಗಳಲ್ಲಿ ಮಧ್ಯಾಹ್ನ 12ಕ್ಕೆ ಒಳಗೆ, ಮರುದಿನ 11ಕ್ಕೋ 12ಕ್ಕೋ ಹೊರಗೆ. ನೀವು ರಾತ್ರಿ ಹತ್ತಕ್ಕೆ ಬಂದರೂ ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ಅರಮನೆಯ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ. ಸಂಜೆ 7ರ ಸುಮಾರಿಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಂದೇ ಸಲ ಹತ್ತಿಕೊಳ್ಳುತ್ತವೆ. ಮುಕ್ಕಾಲು ಗಂಟೆ ಇದ್ದು ಆರಿಬಿಡುತ್ತವೆ. ಬೆಂಗಳೂರಿನಿಂದ ಶನಿವಾರ ಸಂಜೆ ಬಂದು ಭಾನುವಾರ ರಾತ್ರಿ ವಾಪಸ್ ಹೋಗುವವರಿಗೆ 24 ಗಂಟೆಯ ಲಾಡ್ಜ್ ಅಳತೆ ಕೊಟ್ಟು ಹೊಲಿಸಿದ ಹಾಗಿರುತ್ತದೆ. ಒಂದೇ ದಿನದ ಬಾಡಿಗೆ, ಭಾನುವಾರ ಮಧ್ಯಾಹ್ನದ ನಿದ್ದೆಯೂ ಸಿಗುತ್ತದೆ, ಆರೂವರೆಗೆ ಬ್ಯಾಗು ಕೆಳಗೆ ಕೊಟ್ಟು ದೀಪ ನೋಡಿ ಬಸ್ಸು ಹತ್ತಬಹುದು. ಅದೇ ಜನ ಇನ್ನೂ ಚೆಂದದ ಹೋಟೆಲಲ್ಲಿ ಇಳಿದರೆ ಭಾನುವಾರ 12ಕ್ಕೆ ಬೀದಿಗೆ ಬಿದ್ದಿರುತ್ತಾರೆ. ಸಂಜೆ ತನಕ ಮಗುವನ್ನು ಹೆಗಲ ಮೇಲೆ ಹೊತ್ತು ತಿರುಗಬೇಕು.

ರಾತ್ರಿ ರೈಲಿನವರಿಗೆ ಲೆಕ್ಕ ಬೇರೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದು ಬೆಳಗ್ಗೆ ಇಳಿದರೆ 24 ಗಂಟೆಯ ಲಾಡ್ಜಲ್ಲಿ ತಕ್ಷಣ ರೂಮು ಸಿಗುತ್ತದೆ, ಸ್ನಾನ ಮಾಡಿ ಹೊರಡಬಹುದು. ಆದರೆ ಹೋಗುವ ದಿನ ಬೆಳಗ್ಗೆಯೇ ಖಾಲಿ ಮಾಡಬೇಕು, ನಿಮ್ಮ ರೈಲು ಮಾತ್ರ ಸಂಜೆಗೆ. ಬರುವಾಗ ಲಾಭ, ಹೋಗುವಾಗ ನಷ್ಟ. ಇಂಥವರು ಇನ್ನೊಂದು ಅರ್ಧ ದಿನದ ಬಾಡಿಗೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಒಂದೇ ದಿನಕ್ಕೆ ಬಂದವರಾದರೆ ರೈಲು ನಿಲ್ದಾಣದ ರಿಟೈರಿಂಗ್ ರೂಮ್‌ಗಳನ್ನು ನೋಡಿ. ಟಿಕೆಟ್ಟಿನ ಪಿಎನ್‌ಆರ್ ನಂಬರ್ ಹಾಕಿ ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು.

ನಾಲ್ಕನೆಯದು ಮೆಟ್ಟಿಲು ಮತ್ತು ಬಾತ್‌ರೂಮು. ಇದರಲ್ಲಿ ನಾನೇ ಒಮ್ಮೆ ಏಟು ತಿಂದಿದ್ದೇನೆ. ಮದುವೆಯಾಗಿ ಮೈಸೂರಿಗೆ ಬರುವ ಮೊದಲು, ಅಪ್ಪನ ಮಂಡಿ ಆಪರೇಷನ್ ಆಗಿ ಆರು ತಿಂಗಳಾಗಿತ್ತು, ಎಲ್ಲರೂ ದಸರಾ ಗೊಂಬೆ ನೋಡಲು ಬಂದಿದ್ದೆವು. ಫೋನಿನಲ್ಲಿ 'ಲಿಫ್ಟ್ ಇದೆಯಾ' ಅಂತ ಕೇಳಿದ್ದೆ. 'ಇದೆ ಮೇಡಂ' ಅಂದಿದ್ದರು. ಇತ್ತು, ನಿಜ. ಆದರೆ ಅದು ಶುರುವಾಗುವುದೇ ಮೊದಲ ಮಹಡಿಯಿಂದ. ಕೆಳಗೆಲ್ಲ ಬಟ್ಟೆ ಅಂಗಡಿಗಳು, ಪಕ್ಕದಲ್ಲೊಂದು ಕಡಿದಾದ ಮೆಟ್ಟಿಲು, ಅದನ್ನು ಹತ್ತಿದ ಮೇಲೆ ರಿಸೆಪ್ಷನ್ನು, ಅಲ್ಲಿಂದ ಲಿಫ್ಟು. ಅಪ್ಪ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು, ಮೂರು ದಿನ, ದಿನಕ್ಕೆ ಎರಡು ಸಲ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಅದೇ ಲಾಡ್ಜಿನಲ್ಲಿ 'ಪ್ಯಾಲೇಸ್ ವ್ಯೂ' ಅಂತ ಜಾಸ್ತಿ ದುಡ್ಡು ತೆಗೆದುಕೊಂಡಿದ್ದರು. ಬಾತ್‌ರೂಮಿನ ಗಾಜು ಸರಿಸಿ, ಕಮೋಡಿನ ಪಕ್ಕ ನಿಂತು ಕತ್ತು ಉದ್ದ ಮಾಡಿದರೆ, ಎರಡು ಸಿಂಟೆಕ್ಸ್ ಟ್ಯಾಂಕುಗಳ ನಡುವೆ ಒಂದು ಕೆಂಪು ಗುಮ್ಮಟ ಕಾಣುತ್ತಿತ್ತು.

ಇನ್ನು ಜಾಗಗಳ ವಿಷಯ.

ಸಬರ್ಬನ್ ಬಸ್ ನಿಲ್ದಾಣದ ಸುತ್ತ

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬರುವವರು ಇಳಿಯುವುದು ಇಲ್ಲಿ. ಬೆಂಗಳೂರು–ನೀಲಗಿರಿ ರಸ್ತೆಯ ಎರಡೂ ಬದಿ, ಚಂದ್ರಗುಪ್ತ ರಸ್ತೆ, ಅಕ್ಕಪಕ್ಕದ ಗಲ್ಲಿಗಳ ತುಂಬ ಲಾಡ್ಜುಗಳು. ಮಾಮೂಲಿ ದಿನಗಳಲ್ಲಿ ಸಾವಿರದ ಆಚೀಚೆಗೆ ಸಾದಾ ಡಬಲ್ ರೂಮು ಸಿಗುವ ಜಾಗ ಇದು. ಎರಡು–ಮೂರು ಸಾವಿರ ಕೊಟ್ಟರೆ ಎ.ಸಿ., ಲಿಫ್ಟು, ಕೆಳಗೊಂದು ರೆಸ್ಟೋರೆಂಟು ಇರುವ ಕಡೆಯೂ ಸಿಗುತ್ತದೆ. ಅರಮನೆಗೆ ನಡೆದೇ ಹೋಗಬಹುದು. ಬೆಳಗ್ಗೆ ನಜರ್‌ಬಾದಿಗೆ ಕಾಲು ಹಾಕಿದರೆ ಮೈಲಾರಿ ದೋಸೆ.

ತೊಂದರೆ ಒಂದೇ, ಸದ್ದು. ರಾತ್ರಿಯಿಡೀ ಬಸ್ಸು ಬರುತ್ತವೆ, ಹೋಗುತ್ತವೆ, ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಹೊಡೆಯುವ ಸೀಟಿ ನೇರ ದಿಂಬಿಗೇ ಬಂದು ತಾಗುತ್ತದೆ. ಇಲ್ಲಿ ರೂಮು ಮಾಡುವುದಾದರೆ 'ರಸ್ತೆ ಕಡೆ ಬೇಡ, ಹಿಂದಿನ ರೂಮು ಕೊಡಿ' ಅನ್ನಿ. ಬಾಲ್ಕನಿ ಅಂತ ರಸ್ತೆ ಕಡೆಯ ರೂಮಿಗೆ ಜಾಸ್ತಿ ಬಾಡಿಗೆ ಕೇಳುತ್ತಾರೆ. ಕಡಿಮೆ ಬಾಡಿಗೆಯ ಹಿಂದಿನ ರೂಮೇ ಒಳ್ಳೆಯದು. ಒಂದು ರಾತ್ರಿಗೆ ಬರುವವರು, ಗೆಳೆಯರ ಗುಂಪು, ಬೆಳಗ್ಗೆ 5ರ ಬಸ್ಸಿಗೆ ಊಟಿಗೋ ಮಡಿಕೇರಿಗೋ ಹೊರಡುವವರು ಬೇರೆ ಕಡೆ ಹುಡುಕಲೇಬೇಕಿಲ್ಲ. ಮೂರು ದಿನ ಇರುವ ಕುಟುಂಬಕ್ಕೆ ನಾನು ಹೇಳುವುದಿಲ್ಲ.

ಧನ್ವಂತರಿ ರಸ್ತೆ, ಸಯ್ಯಾಜಿರಾವ್ ರಸ್ತೆ, ಗಾಂಧಿ ಚೌಕ

ನನಗೆ ಇಷ್ಟದ ಜಾಗ ಇದು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಹಳೇ ಮೈಸೂರು ಅಂದರೆ ಇದೇ. ಒಂದು ಕಡೆ ದೊಡ್ಡ ಗಡಿಯಾರ, ಇನ್ನೊಂದು ಕಡೆ ಚಿಕ್ಕ ಗಡಿಯಾರ, ಅದರ ಪಕ್ಕದಲ್ಲೇ ದೇವರಾಜ ಮಾರುಕಟ್ಟೆ. ಬೆಳಗ್ಗೆ ಎದ್ದು ಮಾರುಕಟ್ಟೆಯೊಳಗೆ ಹೋದರೆ ಮಲ್ಲಿಗೆ, ಸೇವಂತಿಗೆ ರಾಶಿ ಬಿದ್ದಿರುತ್ತವೆ. ಹೂವಿನವರು ಮೊಳ ಹಾಕುವ ಕೈ ನಿಲ್ಲಿಸದೆಯೇ ನಿಮ್ಮ ಹತ್ತಿರ ಚೌಕಾಸಿ ಮಾಡುತ್ತಾರೆ. ಮೈಸೂರು ಪಾಕಿಗೆ ಗುರು ಸ್ವೀಟ್ಸ್ ಅಲ್ಲೇ ಇದೆ, ರೂಮಿಗೆ ಬಿಸಿಯಾಗಿಯೇ ತರಬಹುದು.

ಧನ್ವಂತರಿ ರಸ್ತೆ ಇಲ್ಲಿಂದ ರೈಲು ನಿಲ್ದಾಣದ ಕಡೆಗೆ ಹೋಗುತ್ತದೆ. ಹಾಗಾಗಿ ರೈಲಿನವರಿಗೂ ಅನುಕೂಲ, ಮಾರುಕಟ್ಟೆಗೂ ಹತ್ತಿರ. 24 ಗಂಟೆಯ ಹಳೇ ಲಾಡ್ಜುಗಳು ಇಲ್ಲೇ ಜಾಸ್ತಿ. ಎತ್ತರದ ಮಾಡು, ಕೆಂಪು ನೆಲ, ಮೊಸಾಯಿಕ್ ಮೆಟ್ಟಿಲು. ಬಾಡಿಗೆ ಬಸ್ ನಿಲ್ದಾಣದ ಕಡೆಯಷ್ಟೇ, ಕೆಲವು ಕಡೆ ಸ್ವಲ್ಪ ಜಾಸ್ತಿ. ವಯಸ್ಸಾದವರಿಗೆ ಏನಾದರೂ ಆದರೆ ಕೆ.ಆರ್. ಆಸ್ಪತ್ರೆ ಅಲ್ಲೇ ಇದೆ, ಅದರ ಸುತ್ತ ಮೆಡಿಕಲ್ ಶಾಪುಗಳ ಸಾಲೇ ಇದೆ.

ಇನ್ನೊಂದು ದೊಡ್ಡ ಅನುಕೂಲ ನಗರ ಬಸ್ ನಿಲ್ದಾಣ. ಕೆ.ಆರ್. ವೃತ್ತದ ಪಕ್ಕದಲ್ಲೇ ಇದೆ. ಚಾಮುಂಡಿ ಬೆಟ್ಟಕ್ಕೆ 201ನೇ ನಂಬರಿನ ಬಸ್ಸು ಇಲ್ಲಿಂದಲೇ. ಕೆಆರ್‌ಎಸ್ ಕಡೆಗೂ ಇಲ್ಲಿಂದ ಬಸ್ಸಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದರೆ ಎರಡು ದಿನದ ಟ್ಯಾಕ್ಸಿ ದುಡ್ಡು ಉಳಿಯುತ್ತದೆ. ಅದನ್ನು ರೂಮಿಗೆ ಹಾಕಿ, ಇನ್ನೊಂದು ದರ್ಜೆ ಮೇಲಿನದು ಸಿಗುತ್ತದೆ. ಎ.ಸಿ. ಬಸ್ಸಿಗೆ ಮಾತ್ರ ಇದು ನಡೆಯುವುದಿಲ್ಲ, ಬೋರ್ಡು ನೋಡಿ ಹತ್ತಿ. ಆಧಾರ್ ಕಾರ್ಡು ಹೇಗೂ ರೂಮಿಗೆ ಬೇಕೇ ಬೇಕು, ದೊಡ್ಡವರೆಲ್ಲರದ್ದೂ ಜೊತೆಗಿರಲಿ.

ಕಾರಿನವರು ಮಾತ್ರ ಈ ಕಡೆ ಬರಬೇಡಿ. 'ಪಾರ್ಕಿಂಗ್ ಇದೆ' ಅಂದರೆ ಲಾಡ್ಜಿನ ಮುಂದೆ ಎರಡು ಕಾರು ನಿಲ್ಲುತ್ತವೆ ಅಂತ ಅರ್ಥ. ನೀವು ಮೂರನೆಯವರು. ಅಪ್ಪ ಕಂಬಿ ಹಿಡಿದು ಹತ್ತಿದ ಮೆಟ್ಟಿಲೂ ಇದೇ ಕಡೆಯದ್ದು, ಹಳೇ ಕಟ್ಟಡಗಳ ಗುಣವೇ ಅದು. ಬಿಸಿನೀರು ಬೆಳಗ್ಗೆ 6ರಿಂದ 9ರವರೆಗೆ ಮಾತ್ರ ಅನ್ನುವ ಕಡೆಗಳೂ ಇವೆ. ಎಂಟು ಮುಕ್ಕಾಲಿಗೆ ಎದ್ದರೆ ತಣ್ಣೀರೇ ಗತಿ.

ಜೆ.ಎಲ್.ಬಿ. ರಸ್ತೆ ಮತ್ತು ರೈಲು ನಿಲ್ದಾಣದ ಕಡೆ

ಊರ ನಡುವೆಯೂ ಇರಬೇಕು, ಸ್ವಲ್ಪ ಉಸಿರಾಡಲೂ ಜಾಗ ಬೇಕು ಅನ್ನುವವರಿಗೆ ಇದು. ರಸ್ತೆ ಅಗಲ, ಮರಗಳಿವೆ, ಕಾಂಪೌಂಡಿನೊಳಗೆ ಕಾರು ನಿಲ್ಲುತ್ತದೆ. ಅರಮನೆಗೆ ಎರಡು ಕಿಲೋಮೀಟರ್ ಆಸುಪಾಸು. ಮಧ್ಯಾಹ್ನದ ನಿದ್ದೆಗೆ ವಾಪಸ್ ಬರಲು ಆಟೊ ಸಾಕು.

ಇಲ್ಲಿ ಮಧ್ಯಮ ದರದ ಹೋಟೆಲುಗಳಿವೆ, ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಇದೆ, ಮೆಟ್ರೋಪೋಲ್ ಇದೆ. ಮೆಟ್ರೋಪೋಲ್ ಕಟ್ಟಡವನ್ನು 1920ರಲ್ಲಿ ಮಹಾರಾಜರು ತಮ್ಮ ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿಸಿದ್ದು. ಉದ್ದದ ವರಾಂಡ, ಅಂಗಳ, ಎತ್ತರದ ಬಾಗಿಲುಗಳು. ಇಂಥ ಕಡೆ ರೂಮು ಮಾಡಿದರೆ ಒಂದು ಮಾತು ನೆನಪಿಡಿ. ದುಡ್ಡು ಕೊಡುವುದು ಆ ವರಾಂಡಕ್ಕೆ. ಸಂಜೆ ಅಲ್ಲಿ ಕೂತು ಕಾಫಿ ಕುಡಿಯಲು ಪುರುಸೊತ್ತು ಇಲ್ಲದಿದ್ದರೆ ದುಡ್ಡು ದಂಡ. ಹತ್ತು ವರ್ಷದ ಮದುವೆ ವಾರ್ಷಿಕೋತ್ಸವಕ್ಕೆ ಬಂದ ಗಂಡ ಹೆಂಡತಿಗೆ ಸರಿ. ಎರಡು ದಿನದಲ್ಲಿ ಹನ್ನೊಂದು ಜಾಗ ನೋಡುವ ಪಟ್ಟಿ ಕೈಯಲ್ಲಿ ಹಿಡಿದು ಬಂದವರಿಗೆ ಅಲ್ಲ.

ತೆರಿಗೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಏಟು ಬೀಳುವುದು ಇಂಥ ಕಡೆಯೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%. ಅದರ ಮೇಲೆ ಹೋದರೆ 18%. ಅಂದರೆ 7,400 ರೂಪಾಯಿಯ ರೂಮು ಕೈಗೆ 7,770ಕ್ಕೆ ಬರುತ್ತದೆ, 7,600ರ ರೂಮು 8,968 ಆಗುತ್ತದೆ. ಇನ್ನೂರು ರೂಪಾಯಿ ವ್ಯತ್ಯಾಸಕ್ಕೆ ಸುಮಾರು 1,200 ರೂಪಾಯಿ ಜಾಸ್ತಿ. ಗೆರೆಯ ಹತ್ತಿರ ಇದ್ದರೆ ತಿಂಡಿ ಸೇರಿಸದ ದರ ಎಷ್ಟು ಕೇಳಿ. ಮೈಸೂರಿಗೆ ಬಂದು ಹೋಟೆಲಿನ ಬಫೆಯಲ್ಲಿ ಆರಿದ ಇಡ್ಲಿ, ಬ್ರೆಡ್ಡು ಜಾಮ್ ತಿನ್ನುವುದು ಪಾಪದ ಕೆಲಸ, ಅಲ್ವಾ?

ಬಾಡಿಗೆ ಕಾರಿನಲ್ಲಿ ಬರುವವರು ಇನ್ನೊಂದು ಕೇಳಬೇಕು: ಡ್ರೈವರ್ ಎಲ್ಲಿ ಮಲಗುತ್ತಾರೆ? ಕೆಲವು ಹೋಟೆಲುಗಳಲ್ಲಿ ಡ್ರೈವರ್‌ಗಳಿಗೆ ಹಾಸಿಗೆ, ಸ್ನಾನದ ವ್ಯವಸ್ಥೆ ಇರುತ್ತದೆ. ಇಲ್ಲದಿದ್ದರೆ ಆ ಮನುಷ್ಯ ಸೀಟು ಹಿಂದಕ್ಕೆ ಮಾಡಿಕೊಂಡು ಕಾರಿನಲ್ಲೇ ಸೊಳ್ಳೆ ಹೊಡೆಯುತ್ತಾ ರಾತ್ರಿ ಕಳೆಯುತ್ತಾನೆ. ಮರುದಿನ ನಿಮ್ಮನ್ನು ಘಾಟಿ ಇಳಿಸುವವನೂ ಅವನೇ.

ಯಾದವಗಿರಿ, ವಿ.ವಿ. ಮೊಹಲ್ಲಾ, ಗೋಕುಲಂ

ಇವು ಊರ ನಡುವೆ ಅಲ್ಲ, ಆದರೆ ದೂರವೂ ಅಲ್ಲ. ಮನೆಗಳ ಬೀದಿಗಳು. ಹೋಮ್‌ಸ್ಟೇ, ಸರ್ವಿಸ್ ಅಪಾರ್ಟ್‌ಮೆಂಟ್ ಜಾಸ್ತಿ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ತಿಂಗಳ ಬಾಡಿಗೆಗೆ ಕೊಟ್ಟು ಅಭ್ಯಾಸ ಇರುವ ಮನೆಗಳಿವೆ, ಹಾಗಾಗಿ ಚೊಕ್ಕಟವಾಗಿರುತ್ತವೆ. ಆರು ಜನ ಇದ್ದು ಮೂರು ರೂಮು ಮಾಡುವ ಬದಲು ಒಂದು ಎರಡು ಬೆಡ್‌ರೂಮಿನ ಮನೆ ತೆಗೆದುಕೊಂಡರೆ ಸಾಮಾನ್ಯವಾಗಿ ಅಗ್ಗವಾಗುತ್ತದೆ. ಅಡುಗೆಮನೆ ಇರುತ್ತದೆ, ಮಗುವಿಗೆ ಗಂಜಿ ಕಾಯಿಸಬಹುದು, ಅಜ್ಜಿಗೆ ಬೇಕಾದಾಗ ಕಾಫಿ. ಸ್ವಂತ ಕಾರಿದ್ದು ಮೂರು ದಿನಕ್ಕಿಂತ ಹೆಚ್ಚು ಇರುವವರು ಮೊದಲು ಇಲ್ಲೇ ನೋಡಿ. ಕಾರಿಲ್ಲದವರು ಆಟೊಗೆ ದಿನಕ್ಕೆ ಎಷ್ಟು ಸಲ ಕೈ ಅಡ್ಡ ಹಾಕಬೇಕು ಅಂತ ಎಣಿಸಿ.

ದಸರೆ ಬಂದರೆ ಎಲ್ಲ ತಲೆಕೆಳಗು

ಮೇಲೆ ಹೇಳಿದ ದರ ಯಾವುದೂ ದಸರೆಯಲ್ಲಿ ನಡೆಯುವುದಿಲ್ಲ. ದುಪ್ಪಟ್ಟು ಕೇಳಿದರೆ ಬೆಚ್ಚಬೇಡಿ. ಐದು ಸಾವಿರದ ರೂಮು ಎಂಟಾದರೆ 18%ರ ಗೆರೆಯನ್ನೂ ದಾಟಿರುತ್ತದೆ. ಜಂಬೂಸವಾರಿ ಅರಮನೆಯ ಬಲರಾಮ ದ್ವಾರದಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುತ್ತದೆ, ಸುಮಾರು 5 ಕಿಲೋಮೀಟರ್. ಆ ದಾರಿಯಲ್ಲಿ ರೂಮು ಸಿಕ್ಕರೆ ಅದೃಷ್ಟ ಅಂದುಕೊಳ್ಳುತ್ತೀರಿ. ಆದರೆ ವಿಜಯದಶಮಿಯ ದಿನ ಬೆಳಗ್ಗೆಯಿಂದಲೇ ವಾಹನ ಬಿಡುವುದಿಲ್ಲ. ಬ್ಯಾಗು ತಲೆ ಮೇಲೆ ಹೊತ್ತು ಜನರ ನಡುವೆ ನುಗ್ಗಬೇಕು. ಅಲ್ಲಿ ಉಳಿಯುವುದಾದರೆ ಹಿಂದಿನ ದಿನವೇ ಬಂದು, ಮರುದಿನ ಹೋಗುವ ಹಾಗೆ ಬುಕ್ ಮಾಡಿ. ಬರೀ ದೀಪ, ಗೊಂಬೆ, ವಸ್ತುಪ್ರದರ್ಶನ ಸಾಕು ಅನ್ನುವವರು ದಸರೆಯ ಮೊದಲ ನಾಲ್ಕು ದಿನಗಳಲ್ಲಿ ಬನ್ನಿ. ದೀಪ ಆಗ ದಿನಾ ಇರುತ್ತದೆ, ಜನ ಇನ್ನೂ ಅಷ್ಟು ಸೇರಿರುವುದಿಲ್ಲ.

ಮಾಮಾಗೆ ಏನು ಹೇಳಿದೆ

ಮಾಮಾ, ಅತ್ತೆ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗ, ಮತ್ತೆ ಎಂಬತ್ತೆರಡರ ಅಜ್ಜಿ. ರೈಲಿನಲ್ಲಿ ಬರುವವರು, ಎರಡು ರಾತ್ರಿ ಇರುವವರು, ದಸರೆ ಅಲ್ಲ. ಮಧ್ಯಾಹ್ನ ಮಲಗಲೇಬೇಕಾದವರು ಇಬ್ಬರು. ಹಾಗಾಗಿ ಗೋಕುಲಂ ಬಿಟ್ಟೆ, ಬಸ್ ನಿಲ್ದಾಣದ ಕಡೆಯನ್ನು ಸದ್ದಿಗಾಗಿ ಬಿಟ್ಟೆ. ಉಳಿದದ್ದು ಧನ್ವಂತರಿ ರಸ್ತೆ ಇಲ್ಲವೇ ಜೆ.ಎಲ್.ಬಿ. ರಸ್ತೆ. ಮಾಮಾಗೆ ಮನಸ್ಸಿದ್ದದ್ದು ಧನ್ವಂತರಿ ರಸ್ತೆಯ ಮೇಲೆ. ದಿನಕ್ಕೆ ಏಳುನೂರು ರೂಪಾಯಿ ಕಡಿಮೆ, ಮಾರುಕಟ್ಟೆ ಹತ್ತಿರ, 24 ಗಂಟೆ ಬೇರೆ.

ಮಾಮಾ ಫೋನಿನಲ್ಲಿ ಇರುವಾಗಲೇ, ಇನ್ನೊಂದು ಫೋನಿನಿಂದ ಆ ಲಾಡ್ಜಿಗೆ ಕರೆ ಮಾಡಿದೆ. ಲಿಫ್ಟ್ ಇದೆಯಾ ಅಂತ ಕೇಳಲಿಲ್ಲ. "ರಸ್ತೆಯಿಂದ ಲಿಫ್ಟಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು ಸಾರ್?" ಅಂದೆ. ಆ ಹುಡುಗನನ್ನು ಯಾರೂ ಹಾಗೆ ಕೇಳಿರಲಿಲ್ಲವೋ ಏನೋ. "ಒಂದು ನಿಮಿಷ ಮೇಡಂ" ಅಂತ ಫೋನು ಟೇಬಲ್ ಮೇಲಿಟ್ಟು ಹೋದ. ಚಪ್ಪಲಿ ಸದ್ದು ಕೆಳಗಿಳಿಯಿತು, ಮತ್ತೆ ಮೇಲೆ ಬಂತು.

"ಹದಿನಾಲ್ಕು, ಮೇಡಂ."

ಸ್ಪೀಕರ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದ ಮಾಮಾ ಆ ಕಡೆಯಿಂದ ಅಂದರು: "ಜೆ.ಎಲ್.ಬಿ. ರಸ್ತಾದಾಗ ನೋಡವಾ."